ಒರೆಸಿದರೆ ಹೋಗುವ ಮಸಿ

"ಅಪ್ಪಾ, ಗೂಬೆ ಆ ಕಡೆ ನೋಡ್ತಾ ಇದೆ. ಈ ಕಡೆ ನೋಡ್ಬೇಕು," ಎಂದು ಹನೀನ್ ಅಪ್ಪನ ಮೊಣಕೈ ತಿವಿದಳು.

ಶಿಹಾತಾ ಜೊಂಡಿನ ಲೇಖನಿಯನ್ನು ಮೇಲೆತ್ತಿ ಹಿಡಿದ. "ಯಾವ ಕಡೆ ನೋಡಿದ್ರೆ ಏನೇ? ಗೂಬೆ ಗೂಬೇನೇ ತಾನೆ?"

"ಅಲ್ಲ. ಎಲ್ಲಾ ಪ್ರಾಣಿಗಳೂ ಒಂದೇ ಕಡೆ ಮುಖ ಮಾಡಿರ್ಬೇಕಂತೆ. ಇಲ್ಲಿ ಬರೆದಿದೆ."

ಇಲ್ಲಿ ಬರೆದಿದೆ ಎಂದ ಮೇಲೆ ಮುಗಿಯಿತು. ಆ ಮನೆಯಲ್ಲಿ ಬರೆದಿರುವುದರ ಬಗ್ಗೆ ಕೊನೆಯ ಮಾತು ಯಾವಾಗಲೂ ಹನೀನಳದೇ. ಅವಳಿಗೆ ಒಂಬತ್ತು ವರ್ಷ, ಮೂರನೆಯ ತರಗತಿ. ಕರೆಂಟ್ ಬಿಲ್ಲು, ಔಷಧಿ ಚೀಟಿ, ಮಸೀದಿಯ ಗೋಡೆಗೆ ಅಂಟಿಸಿದ ಸೂಚನೆ, ಎಲ್ಲವನ್ನೂ ಅಪ್ಪನಿಗೆ ಅವಳೇ ಓದಿ ಹೇಳುತ್ತಿದ್ದಳು. ಶಿಹಾತಾ ಒದ್ದೆ ಬಟ್ಟೆಯ ತುದಿಯಿಂದ ಗೂಬೆಯನ್ನು ಒರೆಸಿದ. ಅದು ಹೇಳಿದ ಮಾತು ಕೇಳುವಂತೆ ಒಂದೇ ಸಲಕ್ಕೆ ಮಾಯವಾಯಿತು. ಅದೇ ಜಾಗದಲ್ಲಿ, ಈ ಕಡೆ ನೋಡುವ ಗೂಬೆಯನ್ನು ಕೂರಿಸಿದ.

ಸಂಜೆಯ ಚಹಾ ಮುಗಿದಿತ್ತು. ಬೋರಲು ಹಾಕಿದ ದೊಡ್ಡ ತಟ್ಟೆಯೇ ಮೇಜು. ಅದರ ಮೇಲೆ ಬೆರಳಗಲದ ಪಪೈರಸ್ ಪಟ್ಟಿಗಳು, ಹಾಳೆ ಕತ್ತರಿಸುವಾಗ ಉಳಿದ ಅಂಚುಗಳು. ಪಕ್ಕದಲ್ಲಿ ಹನೀನ್ ತನ್ನ ತರಗತಿಯ ಮೂವತ್ತನಾಲ್ಕು ಮಕ್ಕಳ ಹೆಸರನ್ನು ಹಾಜರಿಯ ಕ್ರಮದಲ್ಲೇ ಬರೆದುಕೊಂಡು ಬಂದಿದ್ದ ನೋಟುಪುಸ್ತಕ. ಇನ್ನೊಂದು ಪಕ್ಕದಲ್ಲಿ ಶಿಹಾತಾ ಕೆಲಸದ ಜಾಗದ ಅಂಗಡಿಯಿಂದ ಕೇಳಿ ತಂದಿದ್ದ ಕೋಷ್ಟಕ. ಒಂದೊಂದು ಅರಬಿ ಅಕ್ಷರದ ಎದುರಿಗೆ ಫರೋಹರ ಕಾಲದ ಒಂದೊಂದು ಚಿತ್ರ.

"ಮುಂದೆ ಗಮೀಲಾ," ಎಂದಳು ಹನೀನ್. "ಗ ಅಂದ್ರೆ ಗಡಿಗೆ ಇಡೋ ಪೀಠ."

"ಗಡಿಗೆ ಪೀಠ," ಎಂದು ಶಿಹಾತಾ ಗೊಣಗಿಕೊಂಡ. "ಆಮೇಲೆ ಅದೇ ಗೂಬೆ ತಾನೆ?"

"ಅದೇ ಗೂಬೆ. ಆದ್ರೆ ಈ ಕಡೆ ನೋಡೋ ಗೂಬೆ."

ಊರ ಹೊರಗೆ, ನೈಲ್ ದಂಡೆಯಲ್ಲಿ, ಪ್ರವಾಸಿಗರಿಗೆ ತೋರಿಸಲೆಂದು ಫರೋಹರ ಕಾಲದ ಹಳ್ಳಿಯೊಂದನ್ನು ಹೊಸದಾಗಿ ಕಟ್ಟಿದ್ದರು. ಶಿಹಾತಾ ಎರಡು ವರ್ಷದಿಂದ ಅಲ್ಲಿ ಲಿಪಿಕಾರ. ಇಟ್ಟಿಗೆ ಗೂಡಿನ ಕೆಲಸ ಬಿಟ್ಟು ಕಾವಲುಗಾರನ ಕೆಲಸ ಕೇಳಿಕೊಂಡು ಹೋದವನನ್ನು ಮೇಲ್ವಿಚಾರಕ ಉಸ್ತಾಜ್ ಫಿಕ್ರಿ ಒಂದು ಸುತ್ತು ನೋಡಿ, "ಚಕ್ಕಳಮಕ್ಕಳ ಹಾಕಿ ಕೂತ್ಕೋ. ಬೆನ್ನು ನೆಟ್ಟಗೆ. ಹಾಂ, ಹಾಗೇ ಇರು," ಎಂದಿದ್ದ. ಅಷ್ಟಕ್ಕೇ ಕೆಲಸ ಸಿಕ್ಕಿತ್ತು. ಬೋಳುತಲೆ, ಸೊಂಟಕ್ಕೊಂದು ಬಿಳಿ ಪಂಚೆ, ತೊಡೆಯ ಮೇಲೊಂದು ದೊಡ್ಡ ಹಾಳೆ. ಕಾಲುವೆಯಲ್ಲಿ ಪ್ರವಾಸಿಗರ ದೋಣಿ ಬಂದಾಗ ಎದುರಿನ ಕಂಬದ ಮೇಲೆ ಕೆತ್ತಿದ್ದ ಒಂದು ಸಾಲನ್ನು ನೋಡಿ ನೋಡಿ ಬರೆಯಬೇಕು. ಆ ಸಾಲಿನ ಅರ್ಥವೇನೆಂದು ಅವನು ಕೇಳಿರಲಿಲ್ಲ. ಓದು ಬರಹ ಬರುತ್ತದೆಯೇ ಎಂದು ಅವನನ್ನೂ ಯಾರೂ ಕೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನು ಒತ್ತುತ್ತಿದ್ದುದು ಹೆಬ್ಬೆಟ್ಟು, ಅದನ್ನು ಫಿಕ್ರಿ ಒಬ್ಬನೇ ನೋಡುತ್ತಿದ್ದ.

ಕಲಿಯಲು ಪ್ರಯತ್ನಿಸಲಿಲ್ಲವೆಂದಲ್ಲ. ವಯಸ್ಕರ ಸಂಜೆಶಾಲೆಗೆ ನಾಲ್ಕು ವಾರ ಹೋಗಿದ್ದ. ಕರಿಹಲಗೆಯ ಮೇಲೆ ಒಂದೇ ದೋಣಿಯನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುತ್ತಿತ್ತು. ಕೆಳಗೊಂದು ಚುಕ್ಕೆಯಿದ್ದರೆ ಒಂದು ಅಕ್ಷರ, ಮೇಲೆರಡಿದ್ದರೆ ಇನ್ನೊಂದು, ಮೂರಿದ್ದರೆ ಮತ್ತೊಂದು. ಇಡೀ ದಿನ ಗೂಡಿನ ಹೊಗೆ ಕುಡಿದ ಕಣ್ಣಿಗೆ ಆ ಚುಕ್ಕೆಗಳು ನೊಣದಂತೆ ಒಂದು ದೋಣಿಯಿಂದ ಎದ್ದು ಇನ್ನೊಂದರ ಮೇಲೆ ಕೂರುತ್ತಿದ್ದವು. ಐದನೆಯ ವಾರ ಅವನು ಹೋಗಲಿಲ್ಲ.

ಇದನ್ನೆಲ್ಲ ಬಲ್ಲವಳು ಹನೀನ್. ಬಲ್ಲವಳಾಗಿಯೂ ಶಾಲೆಯಲ್ಲಿ ಆ ಮಾತು ಆಡಿಬಿಟ್ಟಿದ್ದಳು.

"ನದೀಮ್ ಹೇಳ್ದ, ಅವನ ಅಪ್ಪ ಇಂಜಿನಿಯರಂತೆ, ಜೇಬಲ್ಲಿ ಮೂರು ಪೆನ್ನಂತೆ," ಎಂದು ಭಾನುವಾರ, ಶಾಲೆಯ ವಾರ ಶುರುವಾದ ದಿನ, ಅವಳು ಅಳುತ್ತಾ ಒಪ್ಪಿಸಿದ್ದಳು. "ನಾನು ಹೇಳ್ದೆ, ನಮ್ಮಪ್ಪ ಫರೋಹನ ಕಾಗದ ಬರೀತಾರೆ, ನಿಮ್ಮಪ್ಪಂಗೆ ಬರದೇ ಇರೋ ಅಕ್ಷರ ನಮ್ಮಪ್ಪಂಗೆ ಬರುತ್ತೆ ಅಂತ. ನಮ್ಮ ಟೀಚರ್ ಅಬ್ಲಾ ಕೇಳಿಸಿಕೊಂಡ್ಬಿಟ್ರು. ಗುರುವಾರ ಪ್ರವಾಸ ಅಲ್ಲಿಗೇ. ಹನೀನಳ ಅಪ್ಪ ನಮ್ಮೆಲ್ಲರ ಹೆಸರೂ ಬರೆದುಕೊಡ್ತಾರೆ ಅಂತ ಚಪ್ಪಾಳೆ ಹೊಡೆಸಿದ್ರು."

ಶಿಹಾತಾ ಮೊದಲು ನಕ್ಕ. ಅವಳ ಅಳು ನಿಲ್ಲದ್ದು ಕಂಡು ತೋಳಿನಿಂದ ಅವಳ ಮುಖ ಒರೆಸಿದ. ಬೈಯಬೇಕೆನಿಸಿತು, ಯಾವುದಕ್ಕೆಂದು ಬೈಯುವುದೆಂದು ತಿಳಿಯಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ.

ಆಮೇಲೆ ಉಪಾಯ ಹೂಡಿದವಳೂ ಅವಳೇ. ಮೂವತ್ತನಾಲ್ಕು ಪಟ್ಟಿಗಳನ್ನು ಮೊದಲೇ ಬರೆದು, ಹಾಜರಿಯ ಕ್ರಮದಲ್ಲಿ ಜೋಡಿಸಿ, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಡುವುದು. ಟೀಚರು ಒಬ್ಬೊಬ್ಬರ ಹೆಸರು ಕೂಗಿದಾಗ ಅಪ್ಪ ತಲೆ ಬಗ್ಗಿಸಿ ಬರೆದಂತೆ ಮಾಡಿ, ಬುಟ್ಟಿಯಿಂದ ಮೇಲಿನದನ್ನು ತೆಗೆದುಕೊಡುವುದು. ಮೂರು ಸಂಜೆ ಅವಳು ಸದ್ದು ಹೇಳಿದಳು, ಅವನು ಚಿತ್ರ ಬರೆದ. ಬುಧವಾರ ಮೂವತ್ತನಾಲ್ಕನೆಯದು ಮುಗಿದಾಗ ಇಬ್ಬರ ಬೆರಳೂ ಮಸಿಯಾಗಿತ್ತು, ತಟ್ಟೆಯೂ ಮಸಿಯಾಗಿತ್ತು. ನಾಳೆ ಈ ತಟ್ಟೆಯಲ್ಲೇ ಊಟ ಬಡಿಸುತ್ತೇನೆಂದು ಒಳಗಿನಿಂದ ಹೆಂಡತಿ ಕರೀಮಾ ಕೂಗಿದಳು.

*

ಗುರುವಾರ ಬೆಳಿಗ್ಗೆ ವೇಷದ ಕೋಣೆಯಲ್ಲಿ ಫರೋಹ ಸಿಗರೇಟು ಸೇದುತ್ತಾ ಕನ್ನಡಿಯೆದುರು ಗಡ್ಡ ಅಂಟಿಸಿಕೊಳ್ಳುತ್ತಿದ್ದ. ಅವನ ಹೆಸರು ಬಿಖೀತ್. ರಾಜನಾಗುವ ಮೊದಲು ಬಸ್ಸಿನ ಕಂಡಕ್ಟರಾಗಿದ್ದವನು; ಸಿಂಹಾಸನದ ಮೇಲೆ ಕೂತರೂ ಮುಂದೆ ಬನ್ನಿ ಮುಂದೆ ಬನ್ನಿ ಎನ್ನುವ ಮುಖಭಾವ ಹೋಗಿರಲಿಲ್ಲ. ಎದುರಿಗೊಂದು ಚಿಕ್ಕ ಬಟ್ಟಲಿನಲ್ಲಿ ಜಾಲಿಮರದ ಗೋಂದು ನೆನೆಹಾಕಿತ್ತು.

"ಏನಯ್ಯಾ ಸಾಹೇಬಾ, ನಿನ್ನೆ ಉಳಿದ ಫೂಲ್ ಕಾಳಿನ ಥರ ಮುಖ ಮಾಡಿದ್ದೀಯಾ?"

"ಇವತ್ತು ನನ್ನ ಮಗಳ ಶಾಲೆಯವರು ಬರ್ತಾರೆ."

"ಅದಕ್ಕೇನೀಗ? ನನ್ನ ಅತ್ತೆ ಬಂದಿದ್ಳು. ಇಷ್ಟು ದೊಡ್ಡ ಕಿರೀಟ ನೋಡಿಯೂ ಗ್ಯಾಸ್ ಸಿಲಿಂಡರ್ ಯಾವಾಗ ತರ್ತೀಯಾ ಅಂತ ದೋಣಿಯಿಂದಲೇ ಕೂಗಿದ್ಳು. ನಾನು ಬದುಕಿಲ್ವಾ?"

ಶಿಹಾತಾ ನಗಲಿಲ್ಲ. ಬುಟ್ಟಿಯನ್ನು ಎದೆಗವಚಿಕೊಂಡು ತನ್ನ ಜಾಗಕ್ಕೆ ಹೋದ. ಮನೆಯಿಂದ ಮೈಕ್ರೋಬಸ್ಸಿನಲ್ಲಿ ನಲವತ್ತು ನಿಮಿಷ, ಎರಡು ಮಂಡಿಗಳ ನಡುವೆ ಅದನ್ನು ಬಿಗಿಯಾಗಿ ಒತ್ತಿ ಹಿಡಿದು ತಂದಿದ್ದ. ಪಕ್ಕದವನ ಕೋಳಿಚೀಲ ತಗುಲೀತೆಂದು ಮತ್ತೂ ಒತ್ತಿದ್ದ.

ಹನ್ನೊಂದಕ್ಕೆ ಕಾಲುವೆಯ ತಿರುವಿನಲ್ಲಿ ದೋಣಿಗಿಂತ ಮೊದಲು ಮಕ್ಕಳ ಗದ್ದಲ ಬಂತು. ಧ್ವನಿವರ್ಧಕ ಏನೋ ಹೇಳುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. "ನೋಡ್ರೋ, ಬಟ್ಟೆ ಹಾಕ್ಕೊಂಡಿಲ್ಲ!" "ಹಾಕ್ಕೊಂಡಿದ್ದಾರೆ ಕಣೋ, ಕೆಳಗೆ!" "ಆ ಹಸು ನಿಜವಾದ್ದಾ?" "ಸಗಣಿ ಹಾಕ್ತು, ನಿಜವಾದ್ದೇ!" ಶಿಹಾತಾ ನಿಯಮದಂತೆ ಕಣ್ಣೆತ್ತದೆ ಬರೆಯುತ್ತಾ ಕೂತ. ನಾಲ್ಕು ಸಾವಿರ ವರ್ಷದ ಹಿಂದಿನವರು ಮಾತಾಡಬಾರದು, ನಗಬಾರದು, ಗಡಿಯಾರ ಕಟ್ಟಬಾರದು ಎಂದು ಫಿಕ್ರಿ ಗೋಡೆಗೆ ಬರೆದು ಹಾಕಿದ್ದನಂತೆ. ಶಾಲೆಯ ಮಕ್ಕಳು ಬಂದಾಗ ಮಾತ್ರ ದೋಣಿ ಅಂಗಳದ ಬಳಿ ನಿಲ್ಲುತ್ತಿತ್ತು, ಲಿಪಿಕಾರ ಎರಡು ಮಾತಾಡಬಹುದಿತ್ತು.

ಮಕ್ಕಳು ಇಳಿದು ಅರ್ಧ ಚಂದ್ರಾಕಾರದಲ್ಲಿ ಅವನ ಸುತ್ತ ಕೂತರು. ಟೀಚರು ಅಬ್ಲಾ ನಗ್ಲಾ ದಪ್ಪಗಿದ್ದರು, ಬೆವರಿದ್ದರು, ಸಂತೋಷವಾಗಿದ್ದರು. ಒಂದು ಕೈಯಲ್ಲಿ ಹಾಜರಿ, ಇನ್ನೊಂದರಲ್ಲಿ ಯಾರದೋ ಒಂದು ಚಪ್ಪಲಿ. ಹನೀನ್ ಮೊದಲ ಸಾಲಿನ ತುದಿಯಲ್ಲಿ ಕೂತು ತನ್ನ ಜಡೆಯ ತುದಿ ಕಚ್ಚುತ್ತಿದ್ದಳು. ಅವಳ ಪಕ್ಕ ಕನ್ನಡಕದ ಒಬ್ಬ ಹುಡುಗ ಕೈಕಟ್ಟಿ ಕೂತಿದ್ದ. ಇವನೇ ನದೀಮ್ ಎಂದು ಶಿಹಾತಾನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮಕ್ಕಳೇ, ಇವರು ನಮ್ಮ ಹನೀನಳ ತಂದೆ, ರಾಜನ ಲಿಪಿಕಾರರು," ಎಂದರು ಅಬ್ಲಾ ನಗ್ಲಾ. "ಒಬ್ಬೊಬ್ಬರಾಗಿ ಬನ್ನಿ. ಅಸರ್, ನೀನು ಮೊದಲು."

ಶಿಹಾತಾ ಲೇಖನಿ ಅದ್ದಿದ. ತೊಡೆಯ ಮೇಲಿನ ಹಾಳೆಯ ಮೇಲೆ ಕೈ ಆಡಿಸಿದ. ಎಡಗೈಯನ್ನು ಬುಟ್ಟಿಯೊಳಗೆ ಹಾಕಿ ಮೇಲಿನ ಪಟ್ಟಿಯನ್ನು ತೆಗೆದು ಹುಡುಗನ ಅಂಗೈಯಲ್ಲಿಟ್ಟ.

ಅಸರ್ ಅದನ್ನು ನೋಡಿದ. ತಿರುಗಿಸಿ ನೋಡಿದ. "ಇದರಲ್ಲಿ ಏನೂ ಇಲ್ವಲ್ಲಾ?"

ಪಟ್ಟಿಯ ತುಂಬ ಬೂದು ಬಣ್ಣದ ಮೋಡ. ಮೋಡದೊಳಗೆ ಒಂದು ಹಕ್ಕಿಯ ಕಾಲು ಮಾತ್ರ ಉಳಿದಿತ್ತು. ಶಿಹಾತಾ ಎರಡನೆಯದನ್ನು ತೆಗೆದ. ಅದೂ ಮೋಡ. ಹತ್ತನೆಯದು, ಇಪ್ಪತ್ತನೆಯದು, ತಳದ್ದು. ಎಲ್ಲವೂ ಒಂದಕ್ಕೊಂದು ಉಜ್ಜಿಕೊಂಡು, ಒಂದರ ಗೂಬೆ ಇನ್ನೊಂದರ ಬೆನ್ನಿಗೆ ಹತ್ತಿ, ಒಲೆ ಒರೆಸಿದ ಬಟ್ಟೆಯಂತಾಗಿದ್ದವು.

ಏನಾಗಿದೆಯೆಂದು ಅವನಿಗೆ ತಕ್ಷಣ ತಿಳಿಯಿತು. ಅದೇ ಹೆಚ್ಚು ನಾಚಿಕೆಯ ವಿಷಯ. ಎರಡು ವರ್ಷದಿಂದ ಪ್ರತಿದಿನ ಕಲಸುವಂತೆಯೇ ಮಸಿ ಕಲಸಿದ್ದ. ರೊಟ್ಟಿ ಒಲೆಯ ಕಾಡಿಗೆ, ನೀರು, ಅಷ್ಟೇ. ಪಪೈರಸ್ ಹಾಳೆ ದುಬಾರಿ, ಅದಕ್ಕೇ ದಿನದ ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ ಮರುದಿನ ಅದರಲ್ಲೇ ಬರೆಯಬೇಕೆಂದು ಫಿಕ್ರಿಯ ಕಟ್ಟಪ್ಪಣೆ. ಗೋಂದು ಬೆರೆಸಿದರೆ ಮಸಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಗೋಂದು ಬೇಡ. ಉಳಿಯಲೆಂದು ಅವನು ಎಂದೂ ಏನನ್ನೂ ಬರೆದವನೇ ಅಲ್ಲ. ಬರೆಯುವ ದಿನ ಬಂದಾಗಲೂ ಕೈ ಹಳೆಯ ಮಸಿಯನ್ನೇ ಕಲಸಿತ್ತು.

"ಕತ್ತೆ ಬಾಲ ಆಡಿಸಿದ ಹಾಗಿದೆ," ಎಂದ ನದೀಮ್. ನಾಲ್ಕಾರು ಮಕ್ಕಳು ಕಿಸಕ್ಕೆಂದರು.

"ನದೀಮ್!" ಎಂದರು ಟೀಚರು.

ಹನೀನ್ ಜಡೆಯನ್ನು ಬಾಯಿಂದ ತೆಗೆದಿದ್ದಳು. ಅವಳು ಅಳುತ್ತಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು, ಪರೀಕ್ಷೆಯಲ್ಲಿ ಪಕ್ಕದವಳ ಪೆನ್ನು ನಿಂತುಹೋದಾಗ ನೋಡುವ ಹಾಗೆ. ಕೋಷ್ಟಕ ಮನೆಯಲ್ಲಿತ್ತು. ಹೊಟ್ಟೆನೋವೆಂದು ಎದ್ದುಹೋಗಬಹುದೇ ಎಂದು ಶಿಹಾತಾ ಒಂದು ಗಳಿಗೆ ಯೋಚಿಸಿದ. ಪ್ರಾಚೀನ ಕಾಲದಲ್ಲೂ ಹೊಟ್ಟೆನೋವು ಇದ್ದೇ ಇದ್ದೀತು. ಆದರೆ ಅಸರ್ ಇನ್ನೂ ಕೈಚಾಚಿಕೊಂಡೇ ನಿಂತಿದ್ದ.

ಶಿಹಾತಾ ಅವನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದ. ಪಟ್ಟಿ ಶುಭ್ರವಾಯಿತು.

"ನಿನ್ನ ಹೆಸರು ಹೇಳು ಮಗಾ. ನಿಧಾನಕ್ಕೆ. ಬೆಲ್ಲ ಚೀಪಿದ ಹಾಗೆ."

"ಅ... ಸ... ರ್."

ಅವನು ಕಣ್ಣು ಮುಚ್ಚಿದ. ಬೋರಲು ತಟ್ಟೆಯ ಆಚೆಯಿಂದ ಹನೀನಳ ದನಿ ಕೇಳಿಸಿತು: ಅ ಅಂದ್ರೆ ಹದ್ದು ಅಪ್ಪಾ, ಸ ಅಂದ್ರೆ ಮಡಚಿದ ಬಟ್ಟೆ, ರ ಅಂದ್ರೆ ಬಾಯಿ. ಕಣ್ಣು ತೆರೆದು ಹದ್ದನ್ನು ಬರೆದ. ಮಡಚಿದ ಬಟ್ಟೆಯನ್ನು ಬರೆದ. ಬಾಯಿ ಬರೆದ. ಬರೆದು ಮಗಳ ಕಡೆ ನೋಡಿದ. ಹನೀನ್ ಕತ್ತು ಓರೆ ಮಾಡಿ ತಲೆಕೆಳಗಾಗಿದ್ದ ಪಟ್ಟಿಯನ್ನು ನೋಡಿ, ಯಾರಿಗೂ ಕಾಣದಷ್ಟು ಸಣ್ಣದಾಗಿ ತಲೆಯಾಡಿಸಿದಳು.

"ಹದ್ದು!" ಎಂದು ಅಸರ್ ಕುಣಿದ. "ನನ್ನ ಹೆಸರು ಹದ್ದಿಂದ ಶುರು!"

"ಮುಟ್ಟಬೇಡ್ವೋ, ಮುಟ್ಟಬೇಡ," ಎಂದು ಶಿಹಾತಾ ಕೂಗಿದ. ಮುಟ್ಟಿದರೆ ಮತ್ತೆ ಮೋಡ. ಅಂಗಳದ ಆ ತುದಿಯಲ್ಲಿ ಸಿಂಹಾಸನದ ಮೇಲೆ ಕೂತಿದ್ದವನ ಕಡೆ ತಿರುಗಿದ. "ಬಿಖೀತ್! ಗೋಂದು! ನಿನ್ನ ಗಡ್ಡದ ಗೋಂದು ಕೊಡೋ!"

ಫರೋಹ ಒಂದು ಕ್ಷಣ ಫಿಕ್ರಿಗಾಗಿ ಆಚೀಚೆ ನೋಡಿದ. ಆಮೇಲೆ ರಾಜದಂಡವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ವೇಷದ ಕೋಣೆಗೆ ಓಡಿಹೋಗಿ ಬಟ್ಟಲು ಹಿಡಿದು ಬಂದ. ಮಕ್ಕಳು ದಾರಿ ಬಿಟ್ಟರು.

"ಏನು ಬಂತಯ್ಯಾ ನಿನಗೆ? ರಾಜನ್ನ ಹೆಸರು ಹಿಡಿದು ಕರೀತೀಯಾ? ಮೊಸಳೆ ಬಾಯಿಗೆ ಹಾಕಿಸ್ಬಿಡ್ತೀನಿ," ಎಂದು ಅವನು ಬಗ್ಗಿದ. ಬಗ್ಗಿದ ರಭಸಕ್ಕೆ, ಓಟದ ಬೆವರಿಗೆ ಸಡಿಲವಾಗಿದ್ದ ಗಡ್ಡ ಕಳಚಿ ಮಸಿ ಬಟ್ಟಲಿಗೆ ಬಿತ್ತು.

ಅಂಗಳ ಹಾರಿಹೋಗುವಂತೆ ಮಕ್ಕಳು ನಕ್ಕರು. ಅಬ್ಲಾ ನಗ್ಲಾ ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕರು. ಬಿಖೀತ್ ಗಡ್ಡವನ್ನು ಬಾಲದಂತೆ ಹಿಡಿದೆತ್ತಿ, "ಮುಂದೆ ಬನ್ನಿ, ಮುಂದೆ ಬನ್ನಿ, ಬಾಗಿಲ ಹತ್ರ ನಿಲ್ಬೇಡಿ," ಎಂದ.

ಗೋಂದು ಬೆರೆತ ಮಸಿ ಲೇಖನಿಯ ತುದಿಯಲ್ಲಿ ಬೇರೆಯೇ ಥರ ನಿಂತಿತು, ಭಾರವಾಗಿ, ಹೊಳೆಯುತ್ತಾ. ಅದು ಹರಿಯುವ ರೀತಿಗೆ ಕೈ ಹೊಂದಿಕೊಳ್ಳಲು ಮೂರು ಹೆಸರು ಬೇಕಾಯಿತು. ಆರು ಮಕ್ಕಳು ನೀರಿನ ಗಡಿಗೆಯ ಬಳಿ ಕೂತು ಹಳೆಯ ಪಟ್ಟಿಗಳನ್ನು ತೊಳೆದರು. ಪಾಠಕ್ಕಿಂತ ಅವರಿಗೆ ಅದೇ ಹಿತವಾಗಿತ್ತು. ಬರೆದದ್ದನ್ನು ಒಣಗಿಸುವ ಕೆಲಸ ನದೀಮನ ಪಾಲಿಗೆ ಬಂತು. ಅವನು ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಊದುತ್ತಾ, ಪ್ರವೇಶದ ಬಳಿ ಕೊಟ್ಟಿದ್ದ ಕಾಗದದಲ್ಲಿ ಅಚ್ಚಾಗಿದ್ದ ಚಿತ್ರಗಳೊಡನೆ ಹೋಲಿಸಿ ನೋಡತೊಡಗಿದ. ಕಾಲೇಜಿನ ಪರೀಕ್ಷಕನಂತೆ ಹುಬ್ಬು ಗಂಟಿಕ್ಕಿದ್ದ. ಶಿಹಾತಾ ಪ್ರತಿ ಗೆರೆಯನ್ನೂ ಎರಡು ಸಲ ನೋಡಿ ಎಳೆದ.

"ನಂಗೂ ಹಾವು ಬೇಕು," ಎಂದಳು ರೊದೈನಾ. ಅವಳಿಗಿಂತ ಮೊದಲು ಬಂದಿದ್ದ ಶರೀಫನಿಗೆ ಕೊಂಬಿನ ಹಾವು ಸಿಕ್ಕಿತ್ತು.

"ನಿನ್ನ ಹೆಸರಲ್ಲಿ ಹಾವಿಲ್ಲ ಕಣಮ್ಮ. ಕೋಳಿಮರಿ ಇದೆ ನೋಡು. ಹಾವಿಗಿಂತ ಕೋಳಿಮರಿ ವಾಸಿ, ಮನೇಲಿ ಸಾಕಬಹುದು."

"ನನ್ನ ಹೆಸರಲ್ಲಿ ಎರಡು ಸಿಂಹ!" ಎಂದು ಕಿರೊಲ್ಲೊಸ್ ಎಲ್ಲರಿಗೂ ತೋರಿಸಿಕೊಂಡು ಬಂದ. "ಎರಡು! ಪಕ್ಕ ಪಕ್ಕ!"

"ನದೀಮ್," ಎಂದು ಟೀಚರು ಕೂಗಿದಾಗ ಹುಡುಗ ಎದುರು ಬಂದು ನಿಂತ. ನೀರು, ಕೈ, ಜೊಂಡು, ಗೂಬೆ. ಗೂಬೆಯ ಮುಖ ಯಾವ ಕಡೆಯೆಂದು ಶಿಹಾತಾ ಒಂದು ಸಲ ನಿಂತು ಯೋಚಿಸಿದ. ಈ ಕಡೆ. ನದೀಮ್ ತನ್ನ ಪಟ್ಟಿಯನ್ನು ಕಾಗದದ ಮೇಲಿಟ್ಟು ಬೆರಳಿಟ್ಟು ನೋಡಿದ. ಅದನ್ನು ಇತರರ ಪಟ್ಟಿಗಳ ಜೊತೆ ಒಣಗಲು ಇಡದೆ, ಕನ್ನಡಕದ ಡಬ್ಬಿಯೊಳಗೆ ಮಲಗಿಸಿದ.

ಕೊನೆಗೆ ಒಂದು ಪಟ್ಟಿ ಕಡಿಮೆ ಬಿತ್ತು. ತೊಳೆಯುವವರ ಉತ್ಸಾಹಕ್ಕೆ ಅದು ಹರಿದುಹೋಗಿತ್ತು. ಉಳಿದವಳು ಹನೀನ್.

"ನಂದು ಬೇಡ ಬಿಡಪ್ಪಾ," ಎಂದಳು ಅವಳು. "ಮನೇಲಿ ಬರಿಯೋಣ."

"ಅದು ಹೇಗೆ? ಎಲ್ಲರದೂ ಬರೆದು ಅವಳದು ಬಿಟ್ರೆ?" ಎಂದವನು ನದೀಮ್. "ಅದರ ಮೇಲೆ ಬರೀರಿ ಮಾಮ." ಅವನು ಬೊಟ್ಟು ಮಾಡಿದ್ದು ಶಿಹಾತಾನ ತೊಡೆಯ ಮೇಲಿದ್ದ ಹಳ್ಳಿಯ ದೊಡ್ಡ ಹಾಳೆಯನ್ನು.

ಆ ಹಾಳೆಯ ಮೇಲೆ ಬೆಳಿಗ್ಗೆ ಕಂಬ ನೋಡಿ ಬರೆದ ರಾಜನ ಸಾಲಿತ್ತು. ಅದರ ಕೆಳಗೆ, ಎಡಮೂಲೆಯಲ್ಲಿ, ಯಾರೂ ಸದ್ದು ಹೇಳಿಕೊಡದೆ ಶಿಹಾತಾ ಬರೆದ: ಹುರಿಹಗ್ಗ, ನೀರು, ಜೊಂಡು, ನೀರು. ಹನೀನ್ ಮಂಡಿಯೂರಿ ಅದನ್ನು ನೋಡಿದಳು. "ನನ್ನಲ್ಲಿ ಪ್ರಾಣಿಯೇ ಇಲ್ಲ," ಎಂದಳು ಸ್ವಲ್ಪ ಬೇಸರದಿಂದ.

"ನಿನ್ನಲ್ಲಿ ಎರಡು ನೈಲ್ ಇದೆಯಲ್ಲೇ," ಎಂದ ಅಪ್ಪ.

ಅಷ್ಟರಲ್ಲಿ ಫಿಕ್ರಿ ದೂರದಿಂದ ಕೈಗಡಿಯಾರ ತಟ್ಟಿ ತೋರಿಸುತ್ತಿದ್ದ. ಮುಂದಿನ ದೋಣಿ ತಿರುವಿನಲ್ಲಿ ಕಾಯುತ್ತಿತ್ತು. ಮುಗಿಯಿತೆಂದು ಶಿಹಾತಾ ಲೇಖನಿ ಕೆಳಗಿಟ್ಟ. ಅಬ್ಲಾ ನಗ್ಲಾ ಮುಂದೆ ಬಂದು, ಮಕ್ಕಳಂತೆಯೇ ನಾಚಿಕೊಂಡು, ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡರು.

"ನನ್ನದೊಂದು ಆಗುತ್ತಾ? ಈ ಪ್ರವೇಶದ ಚೀಟಿ ಹಿಂದೆ ಬರೆದ್ರೂ ಸಾಕು."

ನೋಟುಪುಸ್ತಕದಲ್ಲಿ ಮೂವತ್ತನಾಲ್ಕು ಹೆಸರಿದ್ದವು. ಟೀಚರ ಹೆಸರು ಇರಲಿಲ್ಲ. ಹನೀನ್ ಬಾಯಿ ತೆರೆದು, ಮುಚ್ಚಿದಳು. ಇಷ್ಟು ಜನರೆದುರು ಹೇಳಿಕೊಡುವಂತಿರಲಿಲ್ಲ. ಶಿಹಾತಾ ಚೀಟಿ ತೆಗೆದುಕೊಂಡ. ನಗ್ಲಾ. ಬಾಯೊಳಗೇ ಬೆಲ್ಲದಂತೆ ಚೀಪಿದ. ನ ಎಂದರೆ ನೀರು, ಮಗಳ ನೀರು. ಗ? ಇಡೀ ತರಗತಿಯಲ್ಲಿ ಒಂದೇ ಒಂದು ಗ ಬಂದಿತ್ತು, ಗಮೀಲಾಳದು, ಗಡಿಗೆ ಪೀಠ. ಕಿರೊಲ್ಲೊಸನ ಎರಡು ಸಿಂಹಗಳಲ್ಲಿ ಒಂದನ್ನು ಎರವಲು ತಂದ. ಅಸರನ ಹದ್ದನ್ನು ಕರೆದು ಕೊನೆಯಲ್ಲಿ ಕೂರಿಸಿದ. ಇದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ನಾಲ್ಕು ಚಿತ್ರಗಳ ಮೇಲೆ ಕಣ್ಣಾಡಿಸಿ ಮನಸ್ಸಿನಲ್ಲೇ ಮತ್ತೆ ಓದಿದ, ಸರಿಯಿದೆಯೇ ಎಂದು. ಓದಿದೆ ಎನ್ನುವುದು ಓದಿದ ಮೇಲೆ ಗೊತ್ತಾಯಿತು.

ನದೀಮ್ ಆಗಲೇ ಚೀಟಿಯ ಮೇಲೆ ಬಗ್ಗಿದ್ದ. ಕಾಗದ ನೋಡಿದ, ಚೀಟಿ ನೋಡಿದ, ಮತ್ತೆ ಕಾಗದ ನೋಡಿದ. "ಸರಿಯಾಗಿದೆ ಅಬ್ಲಾ," ಎಂದು ಘೋಷಿಸಿದ. "ಇವರು ನೋಡದೇ ಬರೆದ್ರು."

ಹನೀನ್ ಉಸಿರು ಬಿಟ್ಟದ್ದು ಶಿಹಾತಾನಿಗೆ ಕೇಳಿಸಿತು. ಆದರೆ ಅಬ್ಲಾ ನಗ್ಲಾ ಚೀಲದಿಂದ ಹಸಿರು ರಟ್ಟಿನ ಪುಸ್ತಕವೊಂದನ್ನು ತೆಗೆದು ತೆರೆದು, ಅದರ ಮೇಲೊಂದು ಬಾಲ್‌ಪೆನ್ನು ಇಟ್ಟು ಅವನ ಮುಂದೆ ಹಿಡಿದರು.

"ಇದು ನಮ್ಮ ಶಾಲೆಯ ಪುಸ್ತಕ. ಮಕ್ಕಳಿಗೆ ನಿಮ್ಮ ಕೈಯಿಂದ ಎರಡು ಮಾತು ಬರೆದುಕೊಡಿ. ಅರಬಿಯಲ್ಲೇ ಬರೀರಿ, ಭಾನುವಾರ ತರಗತಿಯಲ್ಲಿ ಗಟ್ಟಿಯಾಗಿ ಓದಿಸ್ತೀನಿ."

ಪುಟದ ಮೇಲ್ಭಾಗದಲ್ಲಿ ಯಾರೋ ಬರೆದಿದ್ದರು: ದೋಣಿಗಳು, ಚುಕ್ಕೆಗಳು. ಶಿಹಾತಾ ಬಾಲ್‌ಪೆನ್ನನ್ನು ಕೈಗೆತ್ತಿಕೊಂಡ. ಅದು ಹಗುರವಾಗಿತ್ತು, ಹಿಡಿಯಲು ಬರಲಿಲ್ಲ. ಮೂವತ್ತನಾಲ್ಕು ಮುಖಗಳು ಅವನನ್ನೇ ನೋಡುತ್ತಿದ್ದವು. ಅವುಗಳಲ್ಲಿ ಒಂದು ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

ಅವನು ಪೆನ್ನನ್ನು ಪುಸ್ತಕದ ಮೇಲೆ ಮತ್ತೆ ಇಟ್ಟ. ಬೆನ್ನು ನೆಟ್ಟಗೆ ಮಾಡಿದ.

"ಅಮ್ಮಾ," ಎಂದ, "ನಾನು ನಾಲ್ಕು ಸಾವಿರ ವರ್ಷದ ಹಿಂದಿನವನು. ಅರಬಿ ಅಕ್ಷರ ನನ್ನ ತನಕ ಇನ್ನೂ ಬಂದಿಲ್ಲ."

ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರೊಡನೆ ಮಕ್ಕಳು, ಮಕ್ಕಳೊಡನೆ ಗಡ್ಡವಿಲ್ಲದ ಫರೋಹ. ಹನೀನ್ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ನದೀಮ್ ಮಾತ್ರ ನಗದೆ ಯೋಚಿಸುತ್ತಿದ್ದ. ಸಾಲು ಮಾಡಿ ದೋಣಿಯ ಕಡೆ ಹೊರಟಾಗ ಹಿಂದೆ ಉಳಿದು, ಶಿಹಾತಾನ ಕಿವಿಯ ಬಳಿ ಬಂದ.

"ಮಾಮ, ನಿಜವಾಗ್ಲೂ ಬರಲ್ವಾ?"

ಶಿಹಾತಾ ಹುಡುಗನ ಕನ್ನಡಕದಲ್ಲಿ ತನ್ನ ಎರಡು ಬೋಳುತಲೆಗಳನ್ನು ನೋಡಿದ. "ಇನ್ನೂ ಇಲ್ಲ ಕಣಪ್ಪಾ."

"ಅಯ್ಯೋ, ಅದಕ್ಯಾಕೆ ಹೆದರ್ತೀರಾ? ಇದಕ್ಕಿಂತ ಸುಲಭ. ಬರೀ ಇಪ್ಪತ್ತೆಂಟು ಅಕ್ಷರ," ಎಂದು ಅವನು ಕನ್ನಡಕದ ಡಬ್ಬಿಯನ್ನು ಜೇಬಿಗೆ ತಳ್ಳಿ ಓಡಿದ. ಆ ಗುಟ್ಟನ್ನು ಅವನು ದೋಣಿಯಲ್ಲಿ ಯಾರಿಗೂ ಹೇಳಿದಂತೆ ಕಾಣಲಿಲ್ಲ. ದೋಣಿ ತಿರುಗುವವರೆಗೂ ಹನೀನ್ ಎರಡೂ ಕೈ ಬೀಸುತ್ತಿದ್ದಳು, ಪಕ್ಕದಲ್ಲಿ ಕಿರೊಲ್ಲೊಸ್ ತನ್ನ ಸಿಂಹಗಳನ್ನು ಗಾಳಿಗೆ ಹಿಡಿದಿದ್ದ.

*

ನಾಲ್ಕು ಗಂಟೆಗೆ ಹಳ್ಳಿ ಮುಚ್ಚಿತು. ಹಸುವನ್ನು ಹೊಡೆದುಕೊಂಡು ಹೋದರು. ಫಿಕ್ರಿ ಹಾಜರಿ ಪುಸ್ತಕ ಹಿಡಿದು ಬಂದು, "ನಲವತ್ತೆರಡು ನಿಮಿಷ, ಶಿಹಾತಾ. ಎರಡು ದೋಣಿ ಕಾಯ್ತು. ರಾಜ ನೋಡಿದ್ರೆ ಕುರ್ಚಿ ಬಿಟ್ಟು ಓಡ್ತಾನೆ. ಪ್ರಾಚೀನ ಕಾಲದಲ್ಲಿ ಶಿಸ್ತು ಅನ್ನೋದಿತ್ತು ಕಣಯ್ಯಾ," ಎಂದ. ಬೈಗುಳ ಅಷ್ಟಕ್ಕೇ ಮುಗಿಯಿತು. ಹೊರಡುವ ಮೊದಲು ಟೀಚರು ಅವನ ಕೈಕುಲುಕಿ ಏನೋ ಹೇಳಿದ್ದರೆಂದು ಕಾಣುತ್ತದೆ. ಶಿಹಾತಾ ಹೆಬ್ಬೆಟ್ಟು ಒತ್ತಿದ. ಇವತ್ತು ಮಸಿಯ ಪ್ಯಾಡು ಬೇಕಾಗಲಿಲ್ಲ, ಬೆರಳೇ ಕಪ್ಪಾಗಿತ್ತು.

"ಹಾಳೆ ಒರೆಸಿಡು," ಎನ್ನುತ್ತಾ ಫಿಕ್ರಿ ಬೀಗದ ಕೈ ಕುಣಿಸಿಕೊಂಡು ಹೋದ.

ಶಿಹಾತಾ ಕಾಲುವೆಯಲ್ಲಿ ಬಟ್ಟೆ ಅದ್ದಿ ಹಿಂಡಿ ತಂದು ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡ. ರಾಜನ ಸಾಲಿನ ಮೇಲೆ ಎಡದಿಂದ ಬಲಕ್ಕೊಂದು ಸಲ ಎಳೆದ. ಅದು ಎಂದಿನಂತೆ ಹೋಯಿತು. ಕೆಳಗಿನ ಮೂಲೆಗೆ ಬಂದ. ಒಂದು ಸಲ ಉಜ್ಜಿದ. ಅಂಚು ಸ್ವಲ್ಪ ಮಾಸಿತು, ಅಷ್ಟೇ. ಇನ್ನೊಂದು ಸಲ ಉಜ್ಜಿದ, ಮೊದಲಿನಷ್ಟು ಜೋರಾಗಿ ಅಲ್ಲ.

"ಬರ್ತೀಯೇನೋ, ಮೈಕ್ರೋಬಸ್ ಹೋಗುತ್ತೆ!" ಪ್ಯಾಂಟು ಷರಟು ತೊಟ್ಟ ಬಿಖೀತ್ ಬಾಗಿಲಲ್ಲಿ ನಿಂತು ಕೂಗಿದ. ಅವನ ಗಲ್ಲದ ಮೇಲೆ ಇನ್ನೂ ಮಸಿಯಿತ್ತು.

"ಬಂದೆ," ಎಂದ ಶಿಹಾತಾ.

ಬಟ್ಟೆಯನ್ನು ಕಂಬಕ್ಕೆ ಒಣಹಾಕಿ, ಹಾಳೆಯನ್ನು ಇಳಿಬಿಸಿಲು ಬೀಳುವ ಕಡೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟ. ಒದ್ದೆ ಹಾಳೆ ತುಂಬ ಖಾಲಿಯಾಗಿತ್ತು. ಎಡಮೂಲೆಯಲ್ಲಿ ಮಾತ್ರ ಒಂದು ಹುರಿಹಗ್ಗ, ಜೊಂಡು, ಅದರ ಆಚೀಚೆ ಎರಡು ಅಲೆಯ ಗೆರೆ. ಆ ಗೆರೆಗಳ ಮೇಲೆ ನಿಜವಾದ ನೀರಿನ ಹನಿಗಳು ನಿಂತು, ಒಂದೊಂದಾಗಿ ಆರುತ್ತಿದ್ದವು.